ಗಾದಿ ಬಟ್ಟೆಯ ಚೀಲ

ಇಪ್ಪತ್ತು ಹಾಳೆ ಬೇಕಂತೆ. ಇಪ್ಪತ್ತೊಂದಾದರೆ
ಕೌಂಟರಿನಿಂದಲೇ ವಾಪಸ್ಸಂತೆ.
ಸ್ಥಿರ ವಸ್ತು ಐದು, ಮನುಷ್ಯಾಕೃತಿ ಐದು,
ಉಳಿದದ್ದು ‘ಅಭ್ಯರ್ಥಿಯ ಇಚ್ಛೆ’.
ಇಚ್ಛೆ ಅಂತ ಅಚ್ಚಾದ ಕಾಗದ
ನಮ್ಮ ಮನೆಗೆ ಬಂದದ್ದು ಅದೇ ಮೊದಲು.

ಹಗೇದಿಬ್ಬದ ಹಿಂದೆ ಮೂರನೇ ಓಣಿ.
ಮುಂದೆ ಗಾದಿ ಅಂಗಡಿ, ಹಿಂದೆ ನಾವು,
ನಡುವೆ ಒಂದು ಪರದೆ. ಅರಳೆಗೆ ಪರದೆ ಲೆಕ್ಕಕ್ಕಿಲ್ಲ:
ಸಾರಿನಲ್ಲಿ, ರೆಪ್ಪೆಯ ಮೇಲೆ, ಅಣ್ಣನ ಮೀಸೆಯಲ್ಲಿ,
ಈಗ ನನ್ನ ಇದ್ದಿಲ ಗೆರೆಗಳಲ್ಲಿ.
ಊದಿದರೆ ಇದ್ದಿಲು ಹಾರುತ್ತದೆ,
ಅರಳೆ ಕೂತೇ ಇರುತ್ತದೆ.

ಇದ್ದಿಲನ್ನು ಹಿಡಿದು ನಿಲ್ಲಿಸುವ ಡಬ್ಬಿಗೆ ಏಳುನೂರು ರೂಪಾಯಿ.
ಪಾರ್ಲರಿನ ಗಿರಿಜಕ್ಕ, ಮದುಮಗಳ ತುರುಬಿಗೆ ಹೊಡೆದು ಉಳಿದ
ಹೇರ್ ಸ್ಪ್ರೇ ಕೊಟ್ಟಳು:
“ತಗಾ, ಕೂದ್ಲೇ ಅಲ್ಲಾಡಲ್ಲ, ನಿನ್ನ ಗೆರೆ ಎಲ್ಲಿ ಅಲ್ಲಾಡ್ತೈತಿ?”
ಹೊಡೆದೆ. ಗೆರೆ ನಿಂತಿತು.
ಅದರ ಜೊತೆಗೆ ಅರಳೆಯೂ, ಕಾಯಮ್ಮಾಗಿ.
ಹನ್ನೆರಡನೇ ಹಾಳೆಯ ಹಿತ್ತಾಳೆ ತಂಬಿಗೆಗೆ ಈಗ
ಎಳೆಗೂಸಿನ ಜವಳ.

ಆರಿಸುವ ರಾತ್ರಿ
ಸಿಂಗಲ್ ಗಾದಿಯ ಮೇಲೆ ಆರು, ಡಬಲ್ ಮೇಲೆ ಹದಿನೈದು.
ಯಾವುದನ್ನು ಬಿಡಲಿ?
ಮುಚ್ಚಿದ ಮಿಲ್ಲಿನ ಗೇಟು ಇರಲಿ, ತುಕ್ಕು ಚೆನ್ನಾಗಿ ಬಂದಿದೆ.
ಗಡಿಯಾರದ ಕಂಬ ಇರಲಿ, ಪರ್ಸ್ಪೆಕ್ಟಿವ್ ತಪ್ಪಿದರೂ.
ಖಾಸಿಂಬಿ ಚಿಗಮ್ಮನ ಕೈ ಇರಲೇಬೇಕು, ಡಬ್ಬಣ ಹಿಡಿದ
ಆ ಬೆರಳಿನ ಗಂಟು ನನ್ನ ಮೂರು ದಿನ ತಿಂದಿದೆ.
ಕೊನೆಗೆ ಹೊರಗುಳಿದದ್ದು ಅಪ್ಪ.
ಅರಳೆ ರಾಶಿಯ ಮೇಲೆ, ಮಧ್ಯಾಹ್ನ ಮೂರಕ್ಕೆ,
ಬಾಯಿ ತೆರೆದು ಮಲಗಿದ ಅಪ್ಪ.
ಮುಖ ಸಿಕ್ಕಿತ್ತು. ಪಾದ ಸಿಗಲಿಲ್ಲ,
ಎಡಗಾಲು ಯಾರದೋ ಕಡ ತಂದ ಹಾಗಿತ್ತು.
ಎತ್ತಿ ಟ್ರಂಕಿನ ಸಂದಿಗೆ ತುರುಕಿದೆ.

ಅಪ್ಪನಿಗೆ ಇದೆಲ್ಲ ಗೊತ್ತಿಲ್ಲ. ಅವನು ಕೇಳಿದ್ದು ಒಂದೇ:
“ಅಳತಿ ಎಷ್ಟು?”
“ಹದಿನೈದು ಇಂಚು, ಇಪ್ಪತ್ತೆರಡು.”
“ಇಷ್ಟೇನಾ? ದಿಂಬಿನಷ್ಟು.”
ನೀಲಿ ಪಟ್ಟೆಯ ಗಾದಿ ಬಟ್ಟೆ ಕತ್ತರಿಸಿದ,
ಒಳಗೆ ತೆಳ್ಳಗೆ ಅರಳೆ ಹಾಸಿದ,
ಚೌಕ ಚೌಕವಾಗಿ ಟಾಕಿ ಹಾಕಿದ.
ರಟ್ಟಿನ ಫೋಲ್ಡರ್ ಸಾಕಿತ್ತು ಅಂದೆ.
“ರಟ್ಟಿನ ಮೇಲೆ ಯಾರು ಮಲಗ್ತಾರವ್ವಾ?” ಅಂದ.

ಸಾಲಿನಲ್ಲಿ ಎಲ್ಲರದೂ ಕಪ್ಪು, ಜಿಪ್ಪಿನದು.
ಜಗಳೂರಿನ ಹುಡುಗನೊಬ್ಬ ನನ್ನದನ್ನು ನೋಡಿ ನಕ್ಕ.
ಸಾಲು ಕದಲದೆ ಗಂಟೆಯಾದ ಮೇಲೆ
ಅವನೇ, ಒಂಚೂರು ತಲೆ ಇಡಲಾ ಅಂದ.
ಗುಮಾಸ್ತ ಬೆರಳು ನೆನೆಸಿ ಎಣಿಸಿದ.
ಚಿತ್ರ ನೋಡಲಿಲ್ಲ. ನೋಡುವವರು ಬೇರೆ, ಮುಂದಿನ ವಾರ.
ಹೆಸರು? ನದಾಫ್ ಫಕ್ರುಬಿ, ತಂದೆ ಬುಡೇನ್ ಸಾಬ್. ಸೀಲು.
“ಚೀಲ ಬೇಡ, ಹಾಳೆ ಅಷ್ಟೇ.”
ಖಾಲಿ ಚೀಲ ಈಚೆ ತಳ್ಳುತ್ತಿದ್ದ ಕೈ ತಡೆಯಿತು,
ಒಮ್ಮೆ ಒತ್ತಿತು, ಇನ್ನೊಮ್ಮೆ.
“ಯಾರಮ್ಮ ಹೊಲ್ದಿದ್ದು? ತೊಟ್ಟಿಲಿಗೆ ಮಾಡಿ ಕೊಡ್ತಾರಾ?
ಮಗಳಿಗೀಗ ಎಂಟು ತುಂಬೈತಿ.”

“ಏನಂದ್ರು?” ಹೊಸಿಲಲ್ಲೇ ಕೇಳಿದ ಅಪ್ಪ.
“ಮೂರು ಅಡಿ, ಒಂದೂವರೆ. ಅರಳೆ ಹೊಸದೇ ಇರಬೇಕಂತೆ.”
ನಾನು ನಕ್ಕೆ. ಅವನು ನಗಲಿಲ್ಲ, ಆರ್ಡರ್ ಅಂದರೆ ಆರ್ಡರ್.
ಕಾಗದಕ್ಕೆ ತಡಕಾಡಿ ಟ್ರಂಕಿನ ಸಂದಿಯಿಂದ ಒಂದು ಎಳೆದ,
ಕಿವಿಯ ಪೆನ್ಸಿಲ್ ತೆಗೆದು ಬಿಳಿಯ ಬೆನ್ನಿಗೆ ಬರೆದ:
ತೊಟ್ಟಿಲು, ೩ × ೧½, ಕಾಲೇಜಿನ ಸಾಹೇಬರು, ಶುಕ್ರವಾರ.
ಗೋಡೆಯ ಮೊಳೆಗೆ ಚುಚ್ಚಿದ.
ತಿರುಗಿಸಿ ನೋಡಲಿಲ್ಲ.

ಫ್ಯಾನಿನ ಗಾಳಿಗೆ ಅದು ಆಗಾಗ ಮೂಲೆ ಎತ್ತುತ್ತದೆ,
ಪಾದ ಮಾತ್ರ ಕಾಣುವಷ್ಟು.